ಮಾರ್ಶ್‌ನಲ್ಲಿ ಕಬ್ಬಿಣದ ಚೌಕಟ್ಟು: ಮಸ್ಕ್‌ರ‍್ಯಾಟ್, ನ್ಯೂಟ್ರಿಯ ಮತ್ತು ಉಬ್ಬರ-ಇಳಿತದ ಲೆಕ್ಕ

ಕೆರೆಏರಿ:
ಎಲ್ರಿಗೂ ನಮಸ್ಕಾರ. ನಾವು ಮೇರಿಲ್ಯಾಂಡಿನ ಸಾಲಿಸ್‌ಬರಿಗೆ ಹೊಸಬರು. ಭಾನುವಾರ ಮನೆಯವರನ್ನೆಲ್ಲ ಕರ್ಕೊಂಡು ಬ್ಲ್ಯಾಕ್‌ವಾಟರ್ ಪಕ್ಷಿಧಾಮದ ಕಡೆ ಹದ್ದು ನೋಡೋಕೆ ಹೋಗಿದ್ವಿ. ಪಕ್ಷಿಧಾಮದಿಂದ ಆಚೆ, ರಸ್ತೆ ಪಕ್ಕದ ಜವುಗಿನಲ್ಲಿ ನೀರು ಚೆನ್ನಾಗಿ ಇಳಿದಿತ್ತು. ಕೆಸರಲ್ಲಿ ಒಂದು ಕೋಲು ನೆಟ್ಟಿದ್ರು. ಅದರ ಬುಡದಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಚೌಕ ಕಬ್ಬಿಣದ ಚೌಕಟ್ಟು, ಪಕ್ಕದಲ್ಲಿ ಒಂದು ಸ್ಪ್ರಿಂಗ್, ಮಧ್ಯೆ ಎರಡು ತಂತಿ. ನಮ್ಮ ನಾಯಿ ಮೂತಿ ಹಾಕೋಕೆ ಹೊರಟಿತ್ತು, ಎಳ್ಕೊಂಡ್ವಿ. ಇದು ಪ್ರಾಣಿ ಹಿಡಿಯೋ ಟ್ರ್ಯಾಪ್ ಅಂತ ಆಫೀಸಲ್ಲಿ ಹೇಳಿದ್ರು. ಇದಕ್ಕೆಲ್ಲ ಇಲ್ಲಿ ಅನುಮತಿ ಇದೆಯಾ? ತೆಗೆದು ಬಿಸಾಕಬಹುದಾ? ಈ ಉಪ್ಪುನೀರಿನಲ್ಲಿ ಹಿಡಿಯೋಕೆ ಅಂಥ ಪ್ರಾಣಿಯಾದ್ರೂ ಯಾವ್ದಿದೆ?

ಚೌಳುನೆಲ:
ಸರ್, ದಯವಿಟ್ಟು ಮುಟ್ಟಬೇಡಿ. ನೀವು ನೋಡಿದ್ದು 110 ನಂಬರಿನ ಕಾನಿಬೇರ್. ಕೆನಡಾದ ಫ್ರ್ಯಾಂಕ್ ಕಾನಿಬೇರ್ ಅನ್ನೋರು ರೂಪಿಸಿದ್ದು, 1950ರ ದಶಕದ ಕೊನೆಯಿಂದ ಮಾರುಕಟ್ಟೆಯಲ್ಲಿದೆ. ಸುಮಾರು ನಾಲ್ಕೂವರೆ ಇಂಚು ಚೌಕ ಇರುತ್ತೆ. ಅದರೊಳಗೆ ನುಸುಳಿದ ಪ್ರಾಣಿಯ ಕುತ್ತಿಗೆಗೋ ಎದೆಗೋ ಬಡಿದು ಕೊಲ್ಲುತ್ತೆ. ಡಾರ್ಚೆಸ್ಟರ್ ಕೌಂಟಿಯ ಜವುಗಿನಲ್ಲಿ ಬಹಳಷ್ಟು ಖಾಸಗಿ ನೆಲ. ಟ್ರ್ಯಾಪ್ ಹಾಕೋರು ಅದನ್ನ ಗುತ್ತಿಗೆಗೆ ಹಿಡಿದಿರ್ತಾರೆ, ಲೈಸೆನ್ಸೂ ಇರುತ್ತೆ. ಚಳಿಗಾಲ ಅದರ ಸೀಸನ್. ಸೀಸನ್ನಿನಲ್ಲಿ ಬೇರೆಯವರ ಟ್ರ್ಯಾಪ್ ಕಿತ್ತರೆ ತಪ್ಪು ನಿಮ್ಮದಾಗುತ್ತೆ.

ನಾಯಿ ಸಿಕ್ಕಿಹಾಕ್ಕೊಂಡ್ರೆ ಏನು ಮಾಡ್ಬೇಕು ಅನ್ನೋದನ್ನ ಮಾತ್ರ ಈಗಲೇ ತಿಳ್ಕೊಂಡಿರಿ. ಚೌಕಟ್ಟನ್ನ ಎಳೆದು ಅಗಲಿಸೋಕೆ ಹೋಗಬೇಡಿ, ಅದು ಬಗ್ಗಲ್ಲ. ಸ್ಪ್ರಿಂಗಿನ ತುದಿಗೆ ಎರಡು ಉಂಗುರ ಇರುತ್ತೆ. ನಾಯಿಯ ಹಗ್ಗವನ್ನ ಒಂದು ಉಂಗುರದಿಂದ ಇನ್ನೊಂದಕ್ಕೆ ತೂರಿಸಿ, ಮತ್ತೊಮ್ಮೆ ಸುತ್ತಿ ತೂರಿಸಿ, ಒಂದು ತುದಿಯನ್ನ ಬೂಟಿನಡಿ ತುಳಿದು ಇನ್ನೊಂದನ್ನ ಮೇಲಕ್ಕೆ ಜಗ್ಗಿ. ಸ್ಪ್ರಿಂಗ್ ಒತ್ತಿಕೊಂಡ ಕೂಡಲೇ ಚೌಕಟ್ಟು ಸಡಿಲ ಆಗುತ್ತೆ. ಆ ಸೀಮೆಯಲ್ಲಿ ನಾಯಿಗೆ ಹಗ್ಗ ಬಿಚ್ಚಲೇಬೇಡಿ.

ಪ್ರಾಣಿ ಯಾವುದು ಅಂದ್ರೆ ಮಸ್ಕ್‌ರ‍್ಯಾಟ್. ಇಲಿ ಜಾತಿಯ ನೀರುಪ್ರಾಣಿ, ತೂಕ ಒಂದು ಕಿಲೋ ಆಸುಪಾಸು. ಬಾಲ ಅಕ್ಕಪಕ್ಕದಿಂದ ಒತ್ತಿದಂತೆ ಚಪ್ಪಟೆ. ಜೊಂಡು ಒಟ್ಟಿ ಗುಡಿಸಲು ಕಟ್ಟುತ್ತೆ, ಬಾಗಿಲು ನೀರಿನೊಳಗೆ. ಈ ಸೀಮೆಯಲ್ಲಿ ಕಪ್ಪು ಬಣ್ಣದವೂ ಬಹಳ ಇವೆ, ಕಪ್ಪು ತೊಗಲಿಗೆ ಹಿಂದೆ ರೇಟು ಜಾಸ್ತಿ ಇತ್ತು.

ಧಾರವಾಡದಾಕಿ:
ಅಲ್ರೀ, ಲೈಸೆನ್ಸ್ ಐತಿ ಅಂದ್ರ ಮುಗೀತೇನ್ರಿ? ನಮ್ಮಲ್ಲಿ ಹಂದಿಗೆ ಇಟ್ಟ ಉರುಳಿನ್ಯಾಗ ಚಿರತಿ ಸಿಕ್ಕೊಂಡು ಒದ್ದಾಡೂದು ಎಷ್ಟು ಸಲ ಪೇಪರಿನ್ಯಾಗ ಓದೀವಿ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಿಂಗ ಟ್ರ್ಯಾಪ್ ಇಟ್ಟವ ಜೈಲಿಗೆ ಹೋಗ್ತಾನ. ಒಂದು ತುಪ್ಪಟದ ಕೋಟಿನ ಸಲುವಾಗಿ ಇಷ್ಟೆಲ್ಲಾ ಯಾಕ ಬೇಕ್ರಿ?

ಚೌಳುನೆಲ:
ಅಕ್ಕಾ, ನಿಮ್ಮ ಪ್ರಶ್ನೆ ನ್ಯಾಯವಾಗಿದೆ. ಕೋಟಿನ ಕಾಲ ಬಹುಮಟ್ಟಿಗೆ ಮುಗೀತು. 1980ರ ದಶಕದ ಕೊನೇಲಿ ತುಪ್ಪಟದ ಬೆಲೆ ಕುಸಿದದ್ದು ಆಮೇಲೆ ಸರಿಯಾಗಿ ಎದ್ದಿಲ್ಲ. ನಡುವೆ ಚೀನಾ, ರಷ್ಯಾದ ಕೊಳ್ಳುಗರು ಬಂದಾಗ ಒಂದೆರಡು ಒಳ್ಳೆ ವರ್ಷ ಬಂದ್ವು, ಅಷ್ಟೇ.

ಆದ್ರೆ ಕ್ರೌರ್ಯದ ಮಾತು ಬಂದ್ರೆ, ಉಪ್ಪುನೀರಿನ ಜವುಗಿನಲ್ಲಿ ಅದನ್ನ ನಿರ್ಧರಿಸೋದು ಟ್ರ್ಯಾಪ್‌ಗಿಂತ ಹೆಚ್ಚಾಗಿ ನೀರಿನ ಮಟ್ಟ. ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಹಳೆಯ ಪದ್ಧತಿ ಕಾಲು ಹಿಡಿಯೋ ಟ್ರ್ಯಾಪ್. ಅದನ್ನ ನೀರಿನೊಳಗಿನ ಓಡುದಾರಿಯಲ್ಲಿ ಇಟ್ಟು, ಸರಪಳಿಯನ್ನ ಆಳದ ಕಡೆ ಕಟ್ತಾರೆ. ಸಿಕ್ಕ ಪ್ರಾಣಿ ಗಾಬರಿಯಿಂದ ಆಳಕ್ಕೆ ಧುಮುಕುತ್ತೆ, ಮೇಲೆ ಬರೋಕಾಗದೆ ಕೆಲವೇ ನಿಮಿಷದಲ್ಲಿ ಸಾಯುತ್ತೆ. ಸಿಹಿನೀರಿನ ಕೆರೆಯಲ್ಲಿ ಈ ಲೆಕ್ಕ ಕೆಡಲ್ಲ, ಯಾಕಂದ್ರೆ ಸಂಜೆ ಇದ್ದ ನೀರೇ ಬೆಳಿಗ್ಗೆಯೂ ಇರುತ್ತೆ. ಇಲ್ಲಿ ಹಾಗಲ್ಲ. ಸಂಜೆ ಉಬ್ಬರದಲ್ಲಿ ಟ್ರ್ಯಾಪ್ ಇಟ್ಟು ಮನೆಗೆ ಹೋದ್ರೆ ರಾತ್ರಿ ನೀರು ಇಳಿದು ಟ್ರ್ಯಾಪ್ ಕೆಸರ ಮೇಲೆ ನಿಂತಿರುತ್ತೆ. ಸಿಕ್ಕ ಮಸ್ಕ್‌ರ‍್ಯಾಟ್ ಮುಳುಗೋದಿಲ್ಲ. ಸುತ್ತಿ ಸುತ್ತಿ ತಿರುಚಿ ತನ್ನ ಕಾಲನ್ನೇ ಕಿತ್ತುಕೊಂಡು ಹೋಗುತ್ತೆ. ಬೆಳಿಗ್ಗೆ ಟ್ರ್ಯಾಪ್‌ನಲ್ಲಿ ಬರೀ ಪಾದ. ಇದನ್ನ ಕಂಡವರು ಯಾರೂ ಅದರ ಬಗ್ಗೆ ಜಂಬದಿಂದ ಮಾತಾಡಲ್ಲ.

ಕಾನಿಬೇರ್ ಬಂದಮೇಲೆ ಈ ಸಂಕಟ ಬಹಳ ಕಡಿಮೆ ಆಯ್ತು, ಅದು ನೀರಿದ್ರೂ ಇಲ್ಲದಿದ್ರೂ ಕೊಲ್ಲುತ್ತೆ. ಆದ್ರೆ ಅದಕ್ಕೂ ಇಳಿತ ಶತ್ರುವೇ. ನೀರು ಬಿಟ್ಟ ಓಡುದಾರಿಯಲ್ಲಿ ಜವುಗುಕೋಳಿ ಜಾತಿಯ ರೇಲ್ ಹಕ್ಕಿಗಳು ಮೇಯ್ತಾ ಬರ್ತವೆ, ಅವು ಸಿಕ್ತವೆ. ಆದ್ದರಿಂದ ಬಲ್ಲವರು ಅತಿ ಇಳಿತದಲ್ಲೂ ಮುಳುಗಿರೋ ಜಾಗ ಹುಡುಕಿ, ಅಲ್ಲೇ ಇಡ್ತಾರೆ.

ಗಜನಿ ಭಟ್ಟ:
ಇದು ಓದಿ ನಮ್ಮ ಬದಿಯದೇ ಮಾತು ಅನ್ನಿಸ್ತು ಮಾರಾಯ್ರೆ. ನಾನು ಕುಮಟಾದವ, ಅಘನಾಶಿನಿ ಬಾಯಲ್ಲಿ ನಮ್ಮದು ಗಜನಿ ಗದ್ದೆ. ಕಗ್ಗ ಭತ್ತ ಕೊಯ್ದ ಮೇಲೆ ಉಪ್ಪುನೀರು ಒಳಬಿಟ್ಟು ಸಿಗಡಿ, ಮೀನು ಹಿಡಿಯೋದು. ಭರತಿಗೆ ಬಾಗಿಲು ತೆಗೀಬೇಕು, ಇಳಿತಕ್ಕೆ ಬಲೆ ಕಟ್ಟಬೇಕು. ಹುಣ್ಣಿಮೆ-ಅಮಾಸೆ ಲೆಕ್ಕ ತಪ್ಪಿದ್ರೆ ಬಲೆಯಲ್ಲಿ ಬರೀ ಕೆಸರು. ಅಲ್ಲಿಯೂ ಪಂಚಾಂಗ ನೋಡಿಯೇ ಟ್ರ್ಯಾಪ್ ಇಡ್ತಾರಾ?

ಚೌಳುನೆಲ:
ಭಟ್ರೇ, ಅಲ್ಲೇ ಇರೋದು ವ್ಯತ್ಯಾಸ. ನಿಮ್ಮ ಕರಾವಳಿಯಲ್ಲಿ ಚಂದ್ರನೇ ಯಜಮಾನ. ಬ್ಲ್ಯಾಕ್‌ವಾಟರ್ ಒಳಭಾಗದಲ್ಲಿ ಚಂದ್ರನಿಂದ ಆಗೋ ಏರಿಳಿತ ಬಹಳ ಕಮ್ಮಿ. ಯಜಮಾನಿಕೆ ಗಾಳಿಯದ್ದು. ಚಳಿಗಾಲದಲ್ಲಿ ವಾಯುವ್ಯದಿಂದ ಬಿರುಗಾಳಿ ಎದ್ದರೆ ಚೆಸಪೀಕ್ ಕೊಲ್ಲಿಯ ನೀರನ್ನ ಸಮುದ್ರದ ಕಡೆ ತಳ್ಳಿಬಿಡುತ್ತೆ. ಟೈಡ್ ಟೇಬಲ್ ಏನೇ ಹೇಳಲಿ, ಕಾಲುವೆಗಳು ಬರಿದಾಗ್ತವೆ. ದಕ್ಷಿಣದ ಗಾಳಿ ಒಂದೆರಡು ದಿನ ನಿಂತು ಬೀಸಿದ್ರೆ ಅದೇ ಕಾಲುವೆ ಉಕ್ಕಿ ರಸ್ತೆ ಮೇಲೆ ಬರುತ್ತೆ. ಕೆರೆಏರಿ ಸರ್ ನೋಡಿದ ದಿನ ಟ್ರ್ಯಾಪ್ ಬಯಲಾಗಿದ್ದಕ್ಕೂ ಇಂಥ ಗಾಳಿಯೇ ಕಾರಣ ಇರಬಹುದು. ಹಾಗಾಗಿ ಹಳಬರು ಟ್ರ್ಯಾಪ್ ಇಡೋ ಮೊದಲು ಕ್ಯಾಲೆಂಡರ್ ನೋಡಲ್ಲ, ಮರುದಿನದ ಗಾಳಿ ಎತ್ತಲಿಂದ ಅಂತ ನೋಡ್ತಾರೆ. ನೀರು ಪೂರ್ತಿ ಇಳಿದ ದಿನ ಅವರಿಗೆ ಇನ್ನೊಂದು ಉಪಯೋಗ. ಮುಚ್ಚಿಹೋಗಿದ್ದ ಓಡುದಾರಿ, ಬಿಲದ ಬಾಯಿ ಎಲ್ಲ ಕಣ್ಣಿಗೆ ಕಾಣುತ್ತೆ. ಅವತ್ತು ಹಿಡಿಯೋ ಗೋಜಿಗೆ ಹೋಗದೆ ಕೋಲು ನೆಟ್ಟು ಗುರುತು ಮಾಡ್ತಾರೆ.

ಒಬ್ಬ ಹಿರಿಯರ ಜೊತೆ ಜವುಗಿಗೆ ಇಳಿದಿದ್ದೆ. ಸೊಂಟದವರೆಗಿನ ರಬ್ಬರ್ ಬೂಟು, ಕೈಯಲ್ಲಿ ಉದ್ದನೆ ಕೋಲು. ಹುಲ್ಲಿನ ಮೇಲೆ ಕಾಲಿಟ್ಟರೆ ನೆಲವೇ ತೂಗುತ್ತೆ. ಬೇರಿನ ಹೆಣಿಗೆ ಮೇಲೆ, ಅದರ ಕೆಳಗೆ ಬರೀ ಅಂಬಲಿಯಂಥ ಕೆಸರು. ಅವರು ಕೋಲಿನಿಂದ ಚುಚ್ಚುತ್ತಾ ಹೋಗ್ತಿದ್ರು. ಒಂದು ಕಡೆ ಕೋಲು ತಡೆಯಿಲ್ಲದೆ ಸರಕ್ಕನೆ ಒಳಗೆ ಹೋಯ್ತು. ಕೆಳಗೆ ಸುರಂಗ ಇದೆ ಅಂತ. ಮೊಣಕೈವರೆಗೆ ಕೈ ಹಾಕಿ ತಡವಿ ನೋಡಿದ್ರು. ದಾರಿಯ ತಳ ನುಣ್ಣಗಿದ್ರೆ ಓಡಾಟ ಇದೆ, ಗಸಿ ಕೂತಿದ್ರೆ ಬಿಟ್ಟುಹೋಗಿವೆ. ಟ್ರ್ಯಾಪ್ ಇಟ್ಟು, ಅದರ ಮೇಲ್ಗಡೆ ಒಂದು ಕಡ್ಡಿಯನ್ನ ಅಡ್ಡ ಹಾಕಿದ್ರು, ಈಜಿ ಬಂದದ್ದು ಕೆಳಗೆ ಮುಳುಗಿ ಚೌಕಟ್ಟಿನೊಳಗೇ ತೂರಲಿ ಅಂತ. ಎಲ್ಲಾ ಆದ್ಮೇಲೆ ಎದ್ದು ನಿಂತು ಗಾಳಿಗೆ ಮುಖ ಕೊಟ್ರು. ಏನೂ ಮಾತಾಡದೆ ಬಗ್ಗಿ, ಇಟ್ಟದ್ದನ್ನ ತೆಗೆದು ಇನ್ನೂ ಆಳಕ್ಕೆ ಸರಿಸಿದ್ರು.

ಉಪ್ಪಿನ ಕಾಟ ಬೇರೆ. ಕಬ್ಬಿಣ ತುಕ್ಕು ಹಿಡಿದು ಸ್ಪ್ರಿಂಗ್ ಮಂದ ಆಗುತ್ತೆ, ಮಂದ ಸ್ಪ್ರಿಂಗ್ ಅಂದ್ರೆ ಪ್ರಾಣಿ ನಿಧಾನ ಸಾಯುತ್ತೆ. ಸೀಸನ್ ಮುಂಚೆ ಟ್ರ್ಯಾಪ್‌ಗಳನ್ನ ಮರದ ಚಕ್ಕೆಯ ಬಣ್ಣದಲ್ಲಿ ಕುದಿಸೋದು, ಕೆಲವಕ್ಕೆ ಮೇಣ ಹಚ್ಚೋದು ಅದಕ್ಕೇ.

ಬೇಯು ಬಸವ:
ಗುರು, ನಾನು ಲೂಸಿಯಾನದ ಹೂಮಾದಲ್ಲಿದೀನಿ, ಊರು ಮಂಡ್ಯ. ಇಲ್ಲಿ ಕತೆನೇ ಬೇರೆ ಐತೆ. ಇಲ್ಲಿ ನ್ಯೂಟ್ರಿಯ ಬಾಲ ತಂದ್ರೆ ದುಡ್ಡು! 2002ರಲ್ಲಿ ಒಂದು ಬಾಲಕ್ಕೆ 4 ಡಾಲರ್ ಅಂತ ಸುರು ಮಾಡಿದ್ರು, ಆಮೇಲೆ 5, 2019ರಿಂದ 6. ವರ್ಷಕ್ಕೆ 4 ಲಕ್ಷದವರೆಗೆ ಹೊಡೀರಿ ಅಂತ ಗುರಿ. ಬಾಲ ಏಳು ಇಂಚಿಗಿಂತ ಉದ್ದ ಇರಬೇಕು, ಎಣಿಸಿ ಚೀಟಿ ಕೊಡ್ತಾರೆ. ಈಗ ಟ್ರ್ಯಾಪ್‌ಗಿಂತ ದೋಣಿಯಿಂದ ಗುಂಡು ಹೊಡೆಯೋರೇ ಜಾಸ್ತಿ. ನಮ್ಮ ಪಕ್ಕದ ಮನೆಯವರು ಐಸ್ ಬಾಕ್ಸಲ್ಲಿ ಬಾಲ ತುಂಬ್ಕಂಡು ಹೋಗ್ತಾರೆ, ಮೊದಲ ಸಲ ನೋಡ್ದಾಗ ಮೀನು ಅಂದ್ಕಂಡಿದ್ದೆ.

ಧಾರವಾಡದಾಕಿ:
ಬಸವಣ್ಣಾ, ಇದೇನೋ ಇಲಿ ಹೊಡೆದು ಬಾಲಾ ತಂದು ಲೆಕ್ಕಾ ಕೊಟ್ಟಂಗಾತಲ್ಲ! ಬಾಲಕ್ಕ ರೊಕ್ಕಾ ಅಂದ್ರ ಅವು ಮುಗೀಲಿ ಅಂತ ಯಾರಿಗೆ ಅನಸ್ತೈತಿ?

ಕೆರೆಏರಿ:
ನ್ಯೂಟ್ರಿಯ ಅಂದ್ರೆ ಮಸ್ಕ್‌ರ‍್ಯಾಟೇನಾ? ಗೊಂದಲ ಆಯ್ತು.

ಚೌಳುನೆಲ:
ಬೇರೆ ಬೇರೆ ಸರ್. ಮಸ್ಕ್‌ರ‍್ಯಾಟ್ ಈ ನೆಲದ ಮಗ. ನ್ಯೂಟ್ರಿಯ ದಕ್ಷಿಣ ಅಮೆರಿಕದ್ದು, ಐದಾರು ಕಿಲೋ ತೂಗುತ್ತೆ, ಇನ್ನೂ ದೊಡ್ಡದೂ ಇರುತ್ತೆ. ಬಾಲ ದುಂಡು, ಮುಂದಿನ ಹಲ್ಲು ಕಡು ಕಿತ್ತಳೆ ಬಣ್ಣ. ಹೆಣ್ಣಿಗೆ ಮೊಲೆತೊಟ್ಟು ಪಕ್ಕೆಯ ಮೇಲ್ಭಾಗದಲ್ಲಿರುತ್ತೆ, ನೀರಲ್ಲಿ ತೇಲುತ್ತಲೇ ಮರಿಗಳಿಗೆ ಹಾಲು ಕೊಡೋಕೆ. ಮರಿ ಹಾಕಿದ ಎರಡು ದಿನದೊಳಗೆ ಮತ್ತೆ ಗರ್ಭ ಕಟ್ಟಬಲ್ಲದು.

ಇಲ್ಲಿಗೆ ತಂದದ್ದು ತುಪ್ಪಟದ ಆಸೆಗೇ. ಬ್ಲ್ಯಾಕ್‌ವಾಟರ್‌ಗೆ 1943ರಲ್ಲಿ ಸರ್ಕಾರವೇ ಪ್ರಯೋಗಕ್ಕೆ ಅಂತ ತಂದಿತು. ಲೂಸಿಯಾನಕ್ಕೆ ಅದಕ್ಕೂ ಮೊದಲು, 1930ರ ದಶಕದಲ್ಲಿ. ತುಪ್ಪಟಕ್ಕೆ ಬೆಲೆ ಇದ್ದಾಗ ಲೂಸಿಯಾನದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ತೊಗಲು ಹೋಗ್ತಿತ್ತು. ಬೆಲೆ ಬಿದ್ದಿತು, ಟ್ರ್ಯಾಪ್ ಹಾಕೋರು ಮನೆಯಲ್ಲಿ ಕೂತರು, ನ್ಯೂಟ್ರಿಯ ಏರಿತು.

ಇದರ ಹಾವಳಿ ಎಂಥದು ಅಂದ್ರೆ, ದಿನಕ್ಕೆ ತನ್ನ ತೂಕದ ಕಾಲು ಭಾಗ ತಿನ್ನುತ್ತೆ. ಎಲೆ ತಿಂದು ಬಿಟ್ಟಿದ್ರೆ ಹುಲ್ಲು ಮತ್ತೆ ಚಿಗುರುತ್ತಿತ್ತು. ಇದು ಬೇರನ್ನೇ ಅಗೆದು ತಿನ್ನುತ್ತೆ. ನಾನು ಮೇಲೆ ಹೇಳಿದ ಆ ಬೇರಿನ ಹೆಣಿಗೆ ಇದೆಯಲ್ಲ, ಜವುಗನ್ನ ಹಿಡಿದಿಟ್ಟಿರೋದು ಅದೊಂದೇ. ಅದು ಹರಿದ ಕಡೆ ಇಳಿತದ ನೀರು ಪ್ರತಿಸಲವೂ ಕೆಸರನ್ನ ಹೊತ್ತೊಯ್ಯುತ್ತೆ. ನೆಲ ತಗ್ಗಾಗುತ್ತೆ, ಹುಲ್ಲು ಮುಳುಗಿ ಕೊಳೆಯುತ್ತೆ, ಕೊನೆಗೆ ಅಲ್ಲಿ ತೆರೆದ ನೀರು. ಬ್ಲ್ಯಾಕ್‌ವಾಟರ್‌ನಲ್ಲಿ 1930ರ ದಶಕದಿಂದೀಚೆಗೆ 5,000 ಎಕರೆಗೂ ಹೆಚ್ಚು ಜವುಗು ಹೀಗೆ ಹೋಗಿದೆ. ಪೂರ್ತಿ ತಪ್ಪು ನ್ಯೂಟ್ರಿಯದ್ದೇ ಅಂತಲ್ಲ. ಸಮುದ್ರ ಏರುತ್ತಿದೆ, ಅಲ್ಲಿನ ನೆಲವೂ ಕುಸಿಯುತ್ತಿದೆ. ನ್ಯೂಟ್ರಿಯ ಆ ಕೆಲಸವನ್ನ ಬೇಗ ಮಾಡಿ ಮುಗಿಸಿತು.

ನಾರ್ವಿಚ್ ನಾಗವೇಣಿ:
ಧಾರವಾಡದ ಅಕ್ಕ ಕೇಳಿದ್ದಕ್ಕೆ ನಮ್ಮ ಕಡೆಯ ಉತ್ತರ ಇದೆ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾದಲ್ಲೂ ಇದೇ ಪ್ರಾಣಿ ಇತ್ತು, ಇಲ್ಲಿ ಕಾಯ್ಪು ಅಂತಾರೆ. 1929ರಲ್ಲಿ ತುಪ್ಪಟದ ಫಾರ್ಮ್‌ಗಳಿಗೆ ತಂದರು, ತಪ್ಪಿಸಿಕೊಂಡು ಹೊಳೆ-ಜವುಗು ಹಿಡಿದವು. 1981ರಲ್ಲಿ ಸರಿಯಾಗಿ ಶುರುಮಾಡಿ 1989ರಲ್ಲಿ ಪೂರ್ತಿ ನಿರ್ನಾಮ ಅಂತ ಘೋಷಿಸಿದ್ರು. ಗುಟ್ಟು ಏನು ಅಂದ್ರೆ ಅವರು ಬಾಲಕ್ಕೆ ದುಡ್ಡು ಕೊಡಲಿಲ್ಲ. 24 ಜನ ಸಂಬಳದ ಟ್ರ್ಯಾಪರ್‌ಗಳನ್ನ ಇಟ್ಕೊಂಡ್ರು. ಕೊನೆಯದೂ ಸಿಕ್ಕಿದ ಮೇಲೆ ದೊಡ್ಡ ಬೋನಸ್, ಬೇಗ ಮುಗಿಸಿದಷ್ಟೂ ಬೋನಸ್ ಜಾಸ್ತಿ. ಕೆಲಸ ಮುಗಿದ್ರೆ ನೌಕರಿ ಹೋಗುತ್ತಲ್ಲ, ಆ ಭಯ ಇಲ್ಲದಂತೆ ಮಾಡಿದ್ರು.

ಇನ್ನೊಂದು, ಇಲ್ಲಿ ಕಾಲು ಹಿಡಿಯೋ ಹಲ್ಲಿನ ಟ್ರ್ಯಾಪ್ 1958ರಲ್ಲೇ ನಿಷೇಧ ಆಗಿತ್ತು. ಹಾಗಾಗಿ ಕಾಯ್ಪುವನ್ನ ಬೋನಿನಲ್ಲಿ ಜೀವಂತ ಹಿಡಿದು ಗುಂಡಿಟ್ಟು ಕೊಲ್ಲುತ್ತಿದ್ದರು. ಬೇರೆ ಪ್ರಾಣಿ ಸಿಕ್ಕರೆ ಬಾಗಿಲು ತೆಗೆದು ಬಿಡಬಹುದಿತ್ತು. ಬೋನನ್ನ ತೇಲುವ ತೆಪ್ಪದ ಮೇಲೆ ಇಡೋದನ್ನೂ ಇಲ್ಲಿ ಮಾಡಿದ್ದಾರೆ. ನೀರು ಏರಿದ್ರೂ ಇಳಿದ್ರೂ ಬೋನು ಅದರ ಜೊತೆಗೇ ಏರಿಳಿಯುತ್ತೆ.

ಗಜನಿ ಭಟ್ಟ:
ತೆಪ್ಪದ ಉಪಾಯ ಚೊಲೋ ಅದೆ.

ಚೌಳುನೆಲ:
ನಾಗವೇಣಿಯವರೇ, ನೀವು ಹೇಳಿದ ಪಾಠವನ್ನೇ ಚೆಸಪೀಕ್‌ನವರು ಕಲಿತದ್ದು. ಇಲ್ಲಿನ ಯೋಜನೆ 2002ರಲ್ಲಿ ಶುರುವಾಯ್ತು. ಬಾಲಕ್ಕೆ ಬಹುಮಾನ ಇಲ್ಲ, ಸಂಬಳದ ಟ್ರ್ಯಾಪರ್‌ಗಳು. ಎರಡೂವರೆ ಲಕ್ಷ ಎಕರೆಗೂ ಮಿಕ್ಕಿದ ಜವುಗನ್ನ ಚೌಕ ಚೌಕವಾಗಿ ವಿಂಗಡಿಸಿ, ಒಂದೊಂದನ್ನೂ ಖಾಲಿ ಮಾಡ್ಕೊಂಡು ಮುಂದೆ ಹೋದರು. ಸುಮಾರು 14,000 ನ್ಯೂಟ್ರಿಯ ತೆಗೆದರು. ಮೊದಲ ಸಾವಿರಗಳು ಕಷ್ಟ ಅಲ್ಲ. ಕೊನೆಯ ನಾಲ್ಕಾರು ಎಲ್ಲಿವೆ ಅಂತ ಗೊತ್ತಾಗೋದೇ ಕಷ್ಟ. ಅದಕ್ಕೆ ಕೆಲವನ್ನ ಸಂತಾನಹರಣ ಮಾಡಿ, ರೇಡಿಯೊ ಕಾಲರ್ ಕಟ್ಟಿ ಬಿಟ್ಟರು. ಒಂಟಿಯಾಗಿ ಇರಲಾರದ ಜೀವ, ತನ್ನವರನ್ನ ಹುಡುಕ್ಕೊಂಡು ಹೋಗುತ್ತೆ, ಹಿಂದೆ ಇವರು. ಯೇಸುವನ್ನ ಹಿಡಿದುಕೊಟ್ಟ ಶಿಷ್ಯನ ನೆನಪಿಗೆ ಜೂಡಾಸ್ ನ್ಯೂಟ್ರಿಯ ಅಂತ ಹೆಸರು. ನನ್ನನ್ನ ಕೇಳಿದ್ರೆ ಇಡೀ ಯೋಜನೆಯಲ್ಲಿ ಮನಸ್ಸಿಗೆ ಕಸಿವಿಸಿ ಮಾಡೋ ಭಾಗ ಇದೇ, ಕೆಲಸಕ್ಕೆ ಬಂದದ್ದೂ ಇದೇ. ಹಿಕ್ಕೆ ಮೂಸಿ ಹುಡುಕೋ ನಾಯಿಗಳನ್ನೂ ಪಳಗಿಸಿದ್ರು. ಕೊನೆಯದು ಸಿಕ್ಕಿದ್ದು 2015ರ ಮೇ ತಿಂಗಳಲ್ಲಿ. ಆಮೇಲೆ ಏಳು ವರ್ಷ ಹುಡುಕಿ, 2022ರ ಸೆಪ್ಟೆಂಬರ್‌ನಲ್ಲಿ ನಿರ್ನಾಮ ಆಯ್ತು ಅಂತ ಸಾರಿದ್ರು.

ಬೇಯು ಬಸವ:
ಸರಿ ಗುರು, ಆದ್ರೆ ನಮ್ ಲೂಸಿಯಾನಕ್ಕೆ ಅದು ಆಗಾಕಿಲ್ಲ. ಇಲ್ಲಿ ಜವುಗು ನೋಡಿದ್ರೆ ಕಣ್ಣು ಹರಿಯೋಗಂಟ ಅದೇ. ಅತ್ಲಾಗೆ ಟೆಕ್ಸಾಸ್‌ನಾಗೂ ನ್ಯೂಟ್ರಿಯ ಐತೆ, ಇಲ್ಲಿ ಖಾಲಿ ಮಾಡುದ್ರೆ ಅಲ್ಲಿಂದ ಬತ್ತವೆ. ಮೂರು ಕಡೆ ನೀರಿರೋ ತುಂಡು ಜಾಗದಲ್ಲಿ ಮಾಡೋ ಕೆಲಸನ ಇಲ್ಲಿ ಮಾಡಾಕಾಯ್ತದಾ? ಬಾಲದ ದುಡ್ಡು ಮುಗಿಸಾಕಲ್ಲ, ಹಿಡಿತದಲ್ಲಿ ಇಟ್ಕಳಾಕೆ.

ಧಾರವಾಡದಾಕಿ:
ಬಸವಣ್ಣ ಹೇಳೂದು ಖರೇ ಇರಬಹುದು. ನ್ಯೂಟ್ರಿಯ ಹೊರಗಿನದು, ನೆಲಾ ನುಂಗತೈತಿ, ಹಿಡೀರಿ. ನಂದೇನೂ ತಕರಾರಿಲ್ಲ. ಆದ್ರ ಮಸ್ಕ್‌ರ‍್ಯಾಟ್ ಏನ್ ಮಾಡೇತ್ರಿ? ಅದು ಅಲ್ಲೀದ. ಕೋಟಿಗೂ ರೇಟಿಲ್ಲ ಅಂತೀರಿ. ಮತ್ತ್ಯಾಕ ಹಿಡೀತಾರ?

ಚೌಳುನೆಲ:
ತಿನ್ನೋಕೆ, ಅಕ್ಕಾ. ಡಾರ್ಚೆಸ್ಟರ್ ಕಡೆಯ ಹಳೆ ಮನೆಗಳಲ್ಲಿ ಚಳಿಗಾಲದ ಊಟ ಅದು. ತೊಡೆಸಂದಿನ ಕಸ್ತೂರಿ ಗ್ರಂಥಿ ತೆಗೆದು, ಉಪ್ಪುನೀರಲ್ಲಿ ರಾತ್ರಿಯಿಡೀ ನೆನೆಹಾಕಿ, ಈರುಳ್ಳಿ ಜೊತೆ ಬೇಯಿಸ್ತಾರೆ. ಹೋಟೆಲಿನಲ್ಲಿ ‘ಜವುಗು ಮೊಲ’ ಅನ್ನೋ ಹೆಸರಲ್ಲಿ ಮಾರ್ತಿದ್ರು. ಗೋಲ್ಡನ್ ಹಿಲ್ ಅನ್ನೋ ಊರಲ್ಲಿ ಪ್ರತಿ ಫೆಬ್ರವರಿ ಕೊನೆಗೆ ನ್ಯಾಷನಲ್ ಔಟ್‌ಡೋರ್ ಶೋ ಅಂತ ನಡೆಯುತ್ತೆ, ಮಸ್ಕ್‌ರ‍್ಯಾಟ್ ತೊಗಲು ಸುಲಿಯೋ ವಿಶ್ವ ಚಾಂಪಿಯನ್‌ಶಿಪ್ ಅಲ್ಲೇ. ಹಿಮ್ಮಡಿಯಿಂದ ಹಿಮ್ಮಡಿಗೆ ಒಂದು ಗೀರು, ಬೆರಳು ತೂರಿಸಿ ಬಿಡಿಸಿ, ತಲೆಯ ಕಡೆಗೆ ಇಡಿಯಾಗಿ ಎಳೆದುಬಿಡ್ತಾರೆ. ಚಾಕು ಬಳಸಿದಷ್ಟೂ ತೊಗಲು ಹಾಳು. ಅದೇ ವೇದಿಕೆ ಮೇಲೆ ಸೌಂದರ್ಯ ಸ್ಪರ್ಧೆಯೂ ಇರುತ್ತೆ, ಕೆಲವು ಹುಡುಗಿಯರು ಪ್ರತಿಭಾ ಸುತ್ತಿನಲ್ಲಿ ಮಸ್ಕ್‌ರ‍್ಯಾಟ್ ಸುಲಿದು ತೋರಿಸಿದ್ದಾರೆ. ನಗಬೇಡಿ.

ಆದ್ರೆ ಇದೇ ಜವುಗಿನ ಇನ್ನೊಂದು ನೆನಪನ್ನ ಆ ಶೋನಲ್ಲಿ ನಾನು ಕೇಳಲಿಲ್ಲ. ಹ್ಯಾರಿಯೆಟ್ ಟಬ್‌ಮನ್ ಹುಟ್ಟಿದ್ದು ಇದೇ ಕೌಂಟಿಯಲ್ಲಿ, 1822ರ ಸುಮಾರಿಗೆ. ಗುಲಾಮಳಾಗಿದ್ದ ಆ ಮಗುವನ್ನ ಆರೇಳು ವರ್ಷಕ್ಕೇ ಬೇರೆ ಮನೆಗೆ ಬಾಡಿಗೆಗೆ ಕೊಟ್ಟರು. ಅಲ್ಲಿ ಕೆಲಸ, ಚಳಿಗಾಲದ ಜವುಗಿಗೆ ಇಳಿದು ಮಸ್ಕ್‌ರ‍್ಯಾಟ್ ಟ್ರ್ಯಾಪ್ ನೋಡಿಬರೋದು. ದಡಾರ ಎದ್ದು ಮೈ ಸುಡ್ತಿದ್ದಾಗಲೂ ಸೊಂಟಮಟ್ಟ ನೀರಿಗೆ ಕಳಿಸಿದ್ದರು. ಮುಂದೆ ಆಕೆ ಇದೇ ಸೀಮೆಯಿಂದ ಸುಮಾರು 70 ಜನರನ್ನ ರಾತ್ರೋರಾತ್ರಿ ಬಿಡಿಸಿಕೊಂಡು ಹೋದಳು. ಆ ಜಾಡು, ಆ ನೀರು, ಆ ಕತ್ತಲೆಯ ಪರಿಚಯ ಅವಳಿಗೆ ಎಲ್ಲಿಂದ ಬಂತು ಅನ್ನೋದನ್ನ ಊಹಿಸೋದು ಕಷ್ಟ ಅಲ್ಲ. ಪಕ್ಷಿಧಾಮದ ಪಕ್ಕದಲ್ಲೇ ಅವಳ ಹೆಸರಿನ ಸಂದರ್ಶಕರ ಕೇಂದ್ರ ಇದೆ, ಕೆರೆಏರಿ ಸರ್, ಮುಂದಿನ ಸಲ ಹೋಗಿ ಬನ್ನಿ.

ಧಾರವಾಡದಾಕಿ:
ಟಬ್‌ಮನ್ ವಿಷಯ ಓದಿದ್ದೆ, ಇದು ಗೊತ್ತಿರಲಿಲ್ಲ. ಆರು ವರ್ಷದ ಕೂಸಿನ್ನ...

ತಿನ್ನೋರು ತಿನ್ನಲಿ. ಆದ್ರ ತುಪ್ಪಟದ ವ್ಯಾಪಾರಾ ನಾ ಒಪ್ಪಂಗಿಲ್ಲ, ಅದನ್ನ ಎಷ್ಟು ಚಂದ ಹೇಳಿದ್ರೂ.

ಚೌಳುನೆಲ:
ಒಪ್ಪಬೇಕಾಗಿಲ್ಲ ಅಕ್ಕಾ. ನನ್ನ ನಿಲುವು ಇಷ್ಟೇ: ಮೂರು ಏಣಿನ ಹುಲ್ಲು ಚೆನ್ನಾಗಿರೋ ಕಡೆ, ಇಳಿತಕ್ಕೂ ಮುಳುಗಿರೋ ಟ್ರ್ಯಾಪ್ ಇಟ್ಟು, ದಿನಾ ಬೆಳಿಗ್ಗೆ ಹೋಗಿ ನೋಡೋರು ಹಿಡಿಯಲಿ. ಆ ಹುಲ್ಲೇ ಮಸ್ಕ್‌ರ‍್ಯಾಟಿನ ಮುಖ್ಯ ಆಹಾರ. ಅರೆ ಉಪ್ಪಿನ ನೀರಿನಲ್ಲಿ ಚೆನ್ನಾಗಿ ಬರುತ್ತೆ, ಉಪ್ಪು ಹೆಚ್ಚಾದ್ರೆ ಹೋಗುತ್ತೆ. ಈಗ ಸಮುದ್ರ ಒಳಗೆ ನುಗ್ಗಿ ಆ ಹುಲ್ಲು ಹೋಗ್ತಿರೋ ಕಡೆಯಲ್ಲೂ ಹಳೆ ಅಭ್ಯಾಸದಿಂದ ಟ್ರ್ಯಾಪ್ ಇಡೋರಿದ್ದಾರೆ. ಅದನ್ನ ನಾನೂ ಒಪ್ಪಲ್ಲ. ಅಮೆರಿಕದ ಬಹಳ ಕಡೆ ಮಸ್ಕ್‌ರ‍್ಯಾಟ್ ಇಳಿಮುಖವಾಗಿದೆ. ಜವುಗಿಗೆ ಬೆಂಕಿ ಕೊಡೋ ಪದ್ಧತಿ ಮಾತ್ರ ಟ್ರ್ಯಾಪರ್‌ಗಳಿಂದ ಉಳಿದ ಒಳ್ಳೇದು. ಓಡುದಾರಿ ಕಾಣಲಿ ಅಂತ ಅವರು ಚಳಿಗಾಲದಲ್ಲಿ ಒಣಹುಲ್ಲು ಸುಡ್ತಿದ್ರು. ಬುಡ ನೀರಲ್ಲಿರೋದ್ರಿಂದ ಬೇರು ಸುಡಲ್ಲ, ವಸಂತಕ್ಕೆ ಹೊಸ ಚಿಗುರು. ಈಗ ಪಕ್ಷಿಧಾಮದವರೇ ಅದನ್ನ ಮಾಡ್ತಾರೆ.

ಗಜನಿ ಭಟ್ಟ:
ನಮ್ಮ ಗಜನಿಗೆ ನೀರುನಾಯಿ ಬಂದು ಬಲೆ ಹರಿತವೆ. ಜನ ಬೈತಾರೆ, ಕೆಲವರು ಉರುಳು ಇಡುವ ಮಾತೂ ಆಡ್ತಾರೆ. ತೆಪ್ಪದ ಮೇಲೆ ಬೋನು ಇಟ್ಟು ಬೇರೆ ಕಡೆ ಬಿಟ್ಟು ಬಂದರೆ ಹೇಗೆ?

ನಾರ್ವಿಚ್ ನಾಗವೇಣಿ:
ಭಟ್ರೇ, ದಯಮಾಡಿ ಬೇಡ. ನೀರುನಾಯಿ ಕಾಯ್ದೆಯ ರಕ್ಷಣೆಯಲ್ಲಿದೆ, ಹಿಡಿಯೋದೂ ಅಪರಾಧವೇ. ಅವು ಕುಟುಂಬವಾಗಿ ಇರ್ತವೆ, ಒಂದನ್ನ ಹಿಡಿದು ದೂರ ಬಿಟ್ಟರೆ ಉಳಿದವು ಅಲ್ಲೇ ಇರ್ತವೆ, ಬಿಟ್ಟದ್ದು ಬೇರೆ ಗುಂಪಿನ ಜಾಗದಲ್ಲಿ ಕಚ್ಚಿಸಿಕೊಳ್ಳುತ್ತೆ. ಬಾಗಿಲ ಹತ್ತಿರದ ಬಲೆಗೆ ಹೊರಗಿನಿಂದ ಇನ್ನೊಂದು ದಪ್ಪ ಬಲೆ ಕಟ್ಟಿ ನೋಡಿ. ಹಾನಿ ಹೆಚ್ಚಾದ್ರೆ ಅರಣ್ಯ ಇಲಾಖೆಗೆ ಬರೆದುಕೊಡಿ.

ಕೆರೆಏರಿ:
ಒಂದು ಟ್ರ್ಯಾಪ್ ಬಗ್ಗೆ ಕೇಳಿ ಇಷ್ಟೆಲ್ಲಾ ತಿಳೀತು, ಎಲ್ರಿಗೂ ಥ್ಯಾಂಕ್ಸ್. ಒಂದೇ ಒಂದು ಕೊನೆ ಪ್ರಶ್ನೆ. ನಿನ್ನೆ ಸಂಜೆ ಮನೆ ಹಿಂದಿನ ಕಾಲುವೆಯಲ್ಲಿ ಏನೋ ಒಂದು ಈಜ್ತಾ ಹೋಯ್ತು. ಮಸ್ಕ್‌ರ‍್ಯಾಟ್‌ಗಿಂತ ದೊಡ್ಡದೇ ಅನ್ನಿಸ್ತು. ನ್ಯೂಟ್ರಿಯ ಮತ್ತೆ ಬಂದಿರಬಹುದಾ?

ಚೌಳುನೆಲ:
ಬೀವರ್ ಅಥವಾ ನೀರುನಾಯಿ ಆಗಿರೋ ಸಾಧ್ಯತೆ ಹೆಚ್ಚು ಸರ್, ಆದ್ರೂ ತಾತ್ಸಾರ ಬೇಡ. ಈಜುವಾಗ ಬಾಲ ನೋಡಿ. ಹಾವಿನಂತೆ ಹೊಯ್ದಾಡ್ತಿದ್ರೆ ಮಸ್ಕ್‌ರ‍್ಯಾಟ್. ಅಗಲವಾಗಿ ಚಪ್ಪಟೆ ಇದ್ದು, ಹೆದರಿದಾಗ ನೀರಿಗೆ ಬಡಿದ್ರೆ ಬೀವರ್. ಬಾಲ ದುಂಡಗಿದ್ದು, ಮೂತಿಯ ಮೀಸೆ ಬೆಳ್ಳಗೆ ಎದ್ದು ಕಾಣ್ತಿದ್ರೆ ಕೂಡಲೇ ಫೋಟೊ ತೆಗೆಯಿರಿ, ಜಾಗದ ಗುರುತು ಹಾಕ್ಕೊಳ್ಳಿ, ರಾಜ್ಯದ ವನ್ಯಜೀವಿ ಇಲಾಖೆಗೆ ಕಳಿಸಿ. ನಾಳೆ ನೀರು ಇಳಿದಾಗ ದಂಡೆ ಮೇಲೆ ಹಿಕ್ಕೆ ಇದೆಯಾ ನೋಡಿ. ನ್ಯೂಟ್ರಿಯದ ಹಿಕ್ಕೆಗೆ ಉದ್ದುದ್ದ ಗೀರುಗಳಿರುತ್ತೆ. ಸಿಕ್ಕರೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆದು ಇಲ್ಲಿಗೂ ಹಾಕಿ.